ಬೆಳ್ಳಿ ನಾಣ್ಯದ ಮೇಲೆ ಬಿಳಿ ಕಲೆ ಬಂದರೆ

ಪ್ರಶ್ನೆ: ನನ್ನ ಹತ್ತಿರ ಕೆನಡಾದ ಮೇಪಲ್ ಲೀಫ್ ಬೆಳ್ಳಿ ನಾಣ್ಯಗಳು ಐದಾರು ಇವೆ. ನಾಣ್ಯ ಇಡುವ ಪ್ಲಾಸ್ಟಿಕ್ ಡಬ್ಬಿ, ಅಂದರೆ ಕ್ಯಾಪ್ಸೂಲಿನಲ್ಲೇ ಇಟ್ಟಿದ್ದೆ. ಆದರೂ ಎರಡರ ಮೇಲೆ ಹಾಲಿನ ಹನಿ ಒಣಗಿದ ಹಾಗೆ ಬಿಳಿ ಕಲೆ ಬಂದಿದೆ. ಪಾಲಿಶ್ ಹಾಕಿ ಉಜ್ಜಲಾ? ಇನ್ನು ಮುಂದೆ ಪ್ರೂಫ್ ನಾಣ್ಯಗಳನ್ನೇ ಕೊಂಡರೆ ಒಳ್ಳೆಯದಾ?

ಉತ್ತರ: ದಯವಿಟ್ಟು ಉಜ್ಜಬೇಡಿ. ನೀವು ಇಟ್ಟ ರೀತಿಯಲ್ಲಿ ತಪ್ಪೇನೂ ಇಲ್ಲ. ಟಂಕಸಾಲೆಯಲ್ಲಿ ಬಿಲ್ಲೆ (ಇನ್ನೂ ಚಿತ್ರ ಒತ್ತದ ಬೆಳ್ಳಿ ತುಂಡು) ತೊಳೆದಾಗ ಉಳಿದ ರಾಸಾಯನಿಕದ ಪಸೆ ಎಷ್ಟೋ ದಿನದ ಮೇಲೆ ಹೀಗೆ ಕಾಣಿಸಿಕೊಳ್ಳುತ್ತದೆ ಅಂತ ಸಂಗ್ರಹಕಾರರಲ್ಲಿ ಹೆಚ್ಚಿನವರು ಹೇಳುತ್ತಾರೆ. ಕೆನಡಾದ ಟಂಕಸಾಲೆಯೇ ಈ ಕಾಟ ತಡೆಯಲು 2018ರ ನಾಣ್ಯಗಳಿಂದ ಮಿಂಟ್‌ಶೀಲ್ಡ್ ಅನ್ನುವ ವಿಧಾನ ತಂದಿತು. ನಿಮ್ಮವು ಯಾವ ವರ್ಷದವು ಅಂತ ಒಮ್ಮೆ ನೋಡಿ. ಕಲೆ ಬಿದ್ದರೂ ಒಳಗಿನ ಬೆಳ್ಳಿ ಅಷ್ಟೇ ಇದೆ, ಒಂದು ಟ್ರಾಯ್ ಔನ್ಸ್, ಅಂದರೆ 31.1 ಗ್ರಾಂ. ಉಜ್ಜಿದರೆ ಮಾತ್ರ ಮೇಲಿನ ಹೊಳಪು ಹೋಗುತ್ತದೆ, ಮತ್ತೆ ಬರುವುದಿಲ್ಲ.

ಇನ್ನು ಪ್ರೂಫ್. ಅದು ನಾಣ್ಯದ ಸ್ಥಿತಿ ಎಷ್ಟು ಚೆನ್ನಾಗಿದೆ ಅಂತ ಹೇಳುವ ದರ್ಜೆ ಅಂತ ತುಂಬ ಜನ ತಿಳಿದಿದ್ದಾರೆ. ಅದು ನಾಣ್ಯ ತಯಾರಿಸುವ ಒಂದು ರೀತಿ, ಅಷ್ಟೆ. ಅಚ್ಚಿಗೂ ಬಿಲ್ಲೆಗೂ ಮೊದಲೇ ಪಾಲಿಶ್ ಮಾಡಿ, ಒಂದಕ್ಕಿಂತ ಜಾಸ್ತಿ ಸಲ ಒತ್ತುತ್ತಾರೆ, ಅದಕ್ಕೇ ಹಿನ್ನೆಲೆ ಕನ್ನಡಿ ಥರ, ಚಿತ್ರ ಮಾತ್ರ ಮಂಜು ಕೂತ ಹಾಗೆ ಬೆಳ್ಳಗೆ ಕಾಣುವುದು. ಆ ಕನ್ನಡಿ ಬಹಳ ಸೂಕ್ಷ್ಮ. ಶುರುವಿನಲ್ಲಿ ನಾನು ಒಂದು ಪ್ರೂಫ್ ನಾಣ್ಯದ ಮೇಲಿನ ಧೂಳನ್ನು ಮೆತ್ತನೆಯ ಹತ್ತಿ ಬಟ್ಟೆಯಿಂದ ಒಂದೇ ಸಲ ಒರೆಸಿದೆ. ನೇರ ನೋಡಿದರೆ ಏನೂ ಇಲ್ಲ. ದೀಪದ ಕೆಳಗೆ ಓರೆ ಮಾಡಿದಾಗ ಕೂದಲೆಳೆಯಂಥ ಗೀರುಗಳು ಸಾಲಾಗಿ ಕಂಡವು, ಹೊಟ್ಟೆ ಉರಿದುಹೋಯಿತು. ಇವತ್ತಿಗೂ ಆ ನಾಣ್ಯ ನನ್ನ ಹತ್ತಿರವೇ ಇದೆ. ಹಾಗಾಗಿ ಅಂಚು ಹಿಡಿದೇ ಎತ್ತಿ, ಪಿವಿಸಿ ಅನ್ನುವ ಪ್ಲಾಸ್ಟಿಕ್‌ನ ಕವರಿನಲ್ಲಿ ಮಾತ್ರ ಇಡಬೇಡಿ, ಹಸಿರು ಅಂಟು ಹತ್ತುತ್ತದೆ.

ಬೆಳ್ಳಿ ಕೂಡಿಡುವುದೇ ಉದ್ದೇಶವಾದರೆ ಬುಲಿಯನ್, ಅಂದರೆ ಒಳಗಿನ ಬೆಳ್ಳಿಗಾಗಿಯೇ ಕೊಳ್ಳುವ ನಿಮ್ಮ ಮೇಪಲ್ ಲೀಫ್‌ನಂಥ ಸಾಮಾನ್ಯ ನಾಣ್ಯ ಸಾಕು. ಪ್ರೂಫ್‌ಗೆ ಕೊಟ್ಟ ಹೆಚ್ಚಿನ ದುಡ್ಡು ಮಾರುವಾಗ ವಾಪಸ್ ಬಂದೇ ಬರುತ್ತದೆ ಅನ್ನುವ ಭರವಸೆ ಇಲ್ಲ. ಚಿತ್ರ ನೋಡಿ ಮನಸ್ಸು ಸೋತಿದೆಯಾ, ಆಗ ತೆಗೆದುಕೊಳ್ಳಿ.

ಪ್ರಶ್ನೆ: ಆಯಸ್ಕಾಂತಕ್ಕೆ ಅಂಟದಿದ್ದರೆ ಅಸಲಿ ಅಲ್ವಾ?

ಉತ್ತರ: ಅಷ್ಟೇ ಸಾಲದು. ತಾಮ್ರವೂ ಅಂಟುವುದಿಲ್ಲ, ಸೀಸವೂ ಅಂಟುವುದಿಲ್ಲ. ತೂಕದ ಜೊತೆ ಅಗಲ, ದಪ್ಪ ಎರಡನ್ನೂ ಅಳೆಯಿರಿ. ತಾಮ್ರ ಬೆಳ್ಳಿಗಿಂತ ಹಗುರ, ಅದರಲ್ಲಿ ಅದೇ ತೂಕ ತರಬೇಕಾದರೆ ನಾಣ್ಯ ದಪ್ಪವಾಗಲೇಬೇಕು. ಅಮೆರಿಕದ ಸಿಲ್ವರ್ ಈಗಲ್ ನಾಣ್ಯ ಆದರೆ ಅಗಲ 40.6 ಮಿಲಿಮೀಟರ್ ಇರಬೇಕು. 2021ರಲ್ಲಿ ಬಂದ ಹೊಸ ವಿನ್ಯಾಸದ ಈಗಲ್‌ನಲ್ಲಿ ಅಂಚಿನ ಗೆರೆಗಳ ಸಾಲಿನಲ್ಲಿ ಒಂದು ಕಡೆ ಬೇಕಂತಲೇ ಗೆರೆ ಬಿಟ್ಟಿದ್ದಾರೆ, ಭೂತಗನ್ನಡಿ ಹಿಡಿದು ಹುಡುಕಿ. ಚೀನಾದ ಪಾಂಡಾ ಬೆಳ್ಳಿ ನಾಣ್ಯ 30 ಗ್ರಾಂ ತೂಗಿದರೆ ಗಾಬರಿ ಬೇಡ, 2016ರಿಂದ ಅದರ ತೂಕವೇ ಅಷ್ಟು.