ವಿಡಿಯೋದಲ್ಲಿ ತೋರಿಸಿದ ಕಾರ್ಡೇ ನಮಗೂ ಸಿಗುದಾ?

ಪ್ರಶ್ನೆ: ನಾನು ಪೆರ್ಲ ಹತ್ರದವ. ಎರಡು ತಿಂಗಳ ಹಿಂದೆ ಮಂಗ್ಳೂರಿಂದ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್ ತಂದೆ. ರಿವ್ಯೂದಲ್ಲಿ 85 ಎಫ್‌ಪಿಎಸ್ (ಸೆಕೆಂಡಿಗೆ 85 ಫ್ರೇಮು) ಬರುವ ಗೇಮು ಅದೇ ಸೆಟ್ಟಿಂಗಲ್ಲಿ ನನಗೆ 66 ದಾಟುದೇ ಇಲ್ಲ. ರಿವ್ಯೂ ಮಾಡುವವರಿಗೆ ಕಂಪನಿಯವರು ಆರಿಸಿದ ಕಾರ್ಡ್ ಕಳಿಸ್ತಾರೆ, ಅಂಗಡಿಗೆ ಬರುದು ಬೇರೆ ಅಂತ ಫ್ರೆಂಡ್ ಹೇಳ್ತಾನೆ. ಹೌದಾ? ವಾಪಸ್ ಕೊಡ್ಲಾ? ನನ್ನದು ರೈಜನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 16 ಜಿಬಿಯ ಒಂದು ರ‍್ಯಾಮ್.

ಉತ್ತರ: ನಿಮ್ಮ ಫ್ರೆಂಡ್ ಹೇಳಿದ್ದು ಪೂರಾ ಸುಳ್ಳಲ್ಲ ಮಾರಾಯ್ರೆ, ಆದ್ರೆ ನಿಮ್ಮ 19 ಫ್ರೇಮು ಸೋರಿದ್ದು ಆ ತೂತಿನಿಂದ ಅಲ್ಲ.

ಮೊದಲು ಫ್ರೆಂಡಿನ ವಿಷಯ ಮುಗಿಸುವ. 2016ರ ಜೂನಲ್ಲಿ ರಿವ್ಯೂ ವೆಬ್‌ಸೈಟ್ ಟೆಕ್‌ಪವರ್‌ಅಪ್‌ನವರು ಒಂದು ವಿಷಯ ಹಿಡಿದು ಹಾಕಿದ್ರು, ಎಂಎಸ್‌ಐ ಮತ್ತೆ ಏಸಸ್ ಅಂತ ಕಾರ್ಡ್ ಮಾಡುವ ಎರಡೂ ಕಂಪನಿ ರಿವ್ಯೂಗೆ ಕಳಿಸಿದ ಕಾರ್ಡಿನ ಬಯೋಸಲ್ಲಿ (ಕಾರ್ಡಿನ ಒಳಗೇ ಇರುವ ಸಾಫ್ಟ್‌ವೇರ್) ಕ್ಲಾಕ್, ಅಂದ್ರೆ ಚಿಪ್ಪಿನ ಸ್ಪೀಡು, ಸ್ವಲ್ಪ ಮೇಲಿತ್ತು. ಎಂಎಸ್‌ಐದ ಜಿಟಿಎಕ್ಸ್ 1080 ಗೇಮಿಂಗ್ ಎಕ್ಸ್ ಅಂಗಡಿಯಲ್ಲಿ ತೆಗೊಂಡ್ರೆ ಬೂಸ್ಟ್ 1822 ಮೆಗಾಹರ್ಟ್ಸ್, ರಿವ್ಯೂದವರ ಕೈಗೆ ಬಂದದ್ದು 1847. ಅಂದ್ರೆ ಸಾಫ್ಟ್‌ವೇರ್ ಹಾಕಿ ನಾವೇ ಆನ್ ಮಾಡ್ಬೇಕಾದ ಓಸಿ ಮೋಡ್ (ಸ್ಪೀಡು ಏರಿಸುವ ಸೆಟ್ಟಿಂಗ್) ಅದರಲ್ಲಿ ಮೊದಲೇ ಆನ್ ಇತ್ತು. ರಿವ್ಯೂದವರಿಗೆ ಸಾಫ್ಟ್‌ವೇರ್ ಹಾಕುವ ಕೆಲಸ ಉಳೀಲಿ ಅಂತ ಹಾಗೆ ಮಾಡಿದ್ದು ಅಂತ ಏಸಸ್‌ನವರು ಅಂದ್ರು, ಎಂತ ಕಾಳಜಿ ನೋಡಿ.

ಈಗ ಲೆಕ್ಕ ಹಾಕಿ. 25 ಮೆಗಾಹರ್ಟ್ಸ್ ಅಂದ್ರೆ ಶೇಕಡಾ ಒಂದೂವರೆಯೂ ಇಲ್ಲ, ನಿಮ್ಮ 85ರಲ್ಲಿ ಹೆಚ್ಚೆಂದ್ರೆ ಒಂದು ಫ್ರೇಮು, ಕಣ್ಣಿಗೆ ಗೊತ್ತೇ ಆಗುದಿಲ್ಲ. ಮತ್ತೆ ಯಾಕೆ ಮಾಡ್ತಾರೆ ಅಂದ್ರೆ, ಒಂದೇ ಚಿಪ್ಪಿನ ಬೇರೆ ಬೇರೆ ಕಂಪನಿ ಕಾರ್ಡುಗಳ ಮಧ್ಯೆ ಇರುವ ಅಂತರವೂ ಅಷ್ಟೇ, ಒಂದು ಎರಡು ಪರ್ಸೆಂಟು. ಗ್ರಾಫಲ್ಲಿ ಮೂರನೇ ಗೆರೆ ಇದ್ದದ್ದು ಒಂದನೇ ಗೆರೆ ಆಗ್ಲಿಕ್ಕೆ ಅಷ್ಟು ಸಾಕು, ನಾವು ನೋಡುದು ಮೇಲಿನ ಗೆರೆಯನ್ನೇ ಅಲ್ವಾ, ಅದಕ್ಕೆ ಎರಡು ಸಾವಿರ ಹೆಚ್ಚು ಕೊಟ್ಟು ಬರ್ತೇವೆ. ನನ್ನ ಪ್ರಕಾರ ಮೋಸ ಇರುದು ಅಲ್ಲಿ, ಫ್ರೇಮಲ್ಲಿ ಅಲ್ಲ.

ಬೇಕೂಂತ ಮಾಡದೆ ವ್ಯತ್ಯಾಸ ಬಂದದ್ದೂ ಉಂಟು. 2013ರಲ್ಲಿ ಚಿಪ್ಪು ಮಾಡುವ ಎಎಂಡಿ ಕಂಪನಿಯ ಆರ್9 290ಎಕ್ಸ್ ಕಾರ್ಡ್ ಅಂಗಡಿಯಿಂದ ತಂದು ನೋಡಿದ್ರೆ ರಿವ್ಯೂ ಕಾರ್ಡಿಗಿಂತ ಸ್ಲೋ ಇತ್ತು. ಫ್ಯಾನ್ ಎಷ್ಟು ಪರ್ಸೆಂಟಲ್ಲಿ ತಿರುಗ್ಬೇಕು ಅಂತ ಸೆಟ್ ಮಾಡಿದ್ರು, ಆದ್ರೆ ಅದೇ ಪರ್ಸೆಂಟಿಗೆ ಒಂದು ಕಾರ್ಡಿನ ಫ್ಯಾನು ಜೋರು ತಿರುಗ್ತದೆ ಇನ್ನೊಂದರದ್ದು ಮೆಲ್ಲ, ಮೆಲ್ಲ ತಿರುಗುವ ಕಾರ್ಡು ಬಿಸಿಯಾಗಿ ಕ್ಲಾಕ್ ಇಳಿಸ್ತಿತ್ತು. ಆಮೇಲೆ ಡ್ರೈವರಲ್ಲಿ ಸರಿ ಮಾಡಿದ್ರು.

ದೊಡ್ಡ ಗೋಟಾಳೆ ಆದದ್ದು 2020ರ ಜನವರಿಯಲ್ಲಿ, ಆರ್‌ಎಕ್ಸ್ 5600 ಎಕ್ಸ್‌ಟಿ. ಲಾಂಚಿಗೆ ಕೆಲವೇ ದಿನ ಇರುವಾಗ ಎಎಂಡಿ ಹೊಸ ಬಯೋಸ್ ಕೊಟ್ಟು ಕ್ಲಾಕ್ ಏರಿಸಿತು, ಕೆಲವು ಮಾಡೆಲಲ್ಲಿ ಮೆಮೊರಿಯೂ 12ರಿಂದ 14 ಜಿಬಿಪಿಎಸ್ ಆಯ್ತು. ರಿವ್ಯೂದವರು ಹೊಸ ಬಯೋಸ್ ಹಾಕಿ ಟೆಸ್ಟ್ ಮಾಡಿದ್ರು, ಡಬ್ಬಿಯಲ್ಲಿ ಪ್ಯಾಕ್ ಆಗಿ ಅಂಗಡಿಗೆ ಹೋದದ್ದು ಹಳೇದು. ತೆಗೊಂಡವ ತಾನೇ ಫ್ಲ್ಯಾಶ್ ಮಾಡ್ಬೇಕು, ಅಂದ್ರೆ ಹೊಸ ಬಯೋಸ್ ತುಂಬಿಸ್ಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಫ್ಲ್ಯಾಶ್ ಮಾಡ್ಲಿಕ್ಕೆ ಕೂತು ಮಧ್ಯದಲ್ಲಿ ಕರೆಂಟ್ ಹೋದ್ರೆ ಕಾರ್ಡು ಕೆಲಸಕ್ಕೆ ಬಾರದ ಇಟ್ಟಿಗೆ ಆಗ್ತದೆ, ಹಾಗಾಗಿ ಯುಪಿಎಸ್ ಇಲ್ಲದವರು ಆ ಸಾಹಸಕ್ಕೆ ಹೋಗ್ಬೇಡಿ, ಡ್ಯುಯಲ್ ಬಯೋಸ್ ಸ್ವಿಚ್ ಇರುವ ಕಾರ್ಡ್ ಆದ್ರೆ ಇನ್ನೊಂದು ಬಯೋಸ್ ಇರ್ತದೆ, ಅಡ್ಡಿಯಿಲ್ಲ.

ನಿಮ್ಮದಕ್ಕೆ ಬರುವ. ಜಿಪಿಯು-ಝಡ್ ಅಂತ ಫ್ರೀ ಸಾಫ್ಟ್‌ವೇರ್ ಉಂಟು, ಹಾಕಿ ನೋಡಿ. 4060ಕ್ಕೆ ಬೂಸ್ಟ್ ಕ್ಲಾಕ್ 2460 ಮೆಗಾಹರ್ಟ್ಸ್ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ತೋರಿಸ್ಬೇಕು, ನಿಮ್ಮ ಮಾಡೆಲಿಗೆ ಕಂಪನಿ ಸೈಟಲ್ಲಿ ಹಾಕಿದ ನಂಬರಿಗೆ ತಾಳೆ ಆದ್ರೆ ಕಾರ್ಡು ಸಾಚಾ. ಆರ್‌ಒಪಿ ಅಂತ ಒಂದು ಸಾಲು ಉಂಟು (ಚಿಪ್ಪಿನಲ್ಲಿ ಚಿತ್ರದ ಕೊನೆಯ ಕೆಲಸ ಮಾಡುವ ಘಟಕಗಳ ಲೆಕ್ಕ), ಅದನ್ನೂ ನೋಡಿ. 2025ರಲ್ಲಿ ಕೆಲವು 5090 ಕಾರ್ಡುಗಳಲ್ಲಿ 176 ಇರ್ಬೇಕಾದಲ್ಲಿ 168 ಇದ್ದದ್ದು ಗೊತ್ತಾದದ್ದು ಅಲ್ಲಿಂದಲೇ, ಚಿಪ್ಪು ಮಾಡುವ ಎನ್‌ವಿಡಿಯಾ ಒಪ್ಪಿಕೊಂಡು ಕಾರ್ಡ್ ಮಾಡಿದ ಕಂಪನಿಯವರು ಬದಲಿಸಿ ಕೊಡ್ತಾರೆ ಅಂತು. ನಿಮ್ಮದರಲ್ಲಿ 48 ಇದ್ರೆ ಸರಿ.

ಕಾರ್ಡು ಸರಿ ಉಂಟು ಅಂತಾದ್ರೆ ಗೇಮು ಹಾಕಿ ಎಲ್ಲ ಸೆಟ್ಟಿಂಗನ್ನು ಒಮ್ಮೆ ಲೋಗೆ ಇಳಿಸಿ. ಆಗ್ಲೂ 66, 70ರಲ್ಲೇ ನಿಂತ್ರೆ ಕಾರ್ಡು ಬಿಟ್ಟಿ ಕೂತಿದೆ, ಪ್ರೊಸೆಸರ್ ಕೆಲಸ ಕೊಡುವವರೆಗೆ ಕಾಯ್ತಾ ಉಂಟು ಅಂತ ಲೆಕ್ಕ. ನನ್ನ ಅಂದಾಜು ಇದೇ. ರಿವ್ಯೂದವರು ಕಾರ್ಡಿಗೆ ಅಡ್ಡಿ ಆಗ್ಬಾರ್ದು ಅಂತ ಮಾರ್ಕೆಟಲ್ಲಿ ಸಿಗುವ ಅತಿ ಫಾಸ್ಟ್ ಪ್ರೊಸೆಸರ್ ಹಾಕಿರ್ತಾರೆ, ನಿಮ್ಮದು 2019ರ 3600, ಅದಕ್ಕೂ ಒಂದೇ ರ‍್ಯಾಮ್ ಕಡ್ಡಿ. ಒಂದೇ ಕಡ್ಡಿ ಅಂದ್ರೆ ಸಿಂಗಲ್ ಚಾನೆಲ್, ಬೈಪಾಸಲ್ಲಿ ಅರ್ಧ ರೋಡು ಬಂದ್ ಮಾಡಿದ ಹಾಗೆ. ಇನ್ನು ಮದರ್‌ಬೋರ್ಡಿನ ಬಯೋಸಲ್ಲಿ ಎಕ್ಸ್‌ಎಂಪಿ (ರ‍್ಯಾಮನ್ನು ಪೂರ್ತಿ ಸ್ಪೀಡಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡದಿದ್ರೆ 3200ರ ರ‍್ಯಾಮು 2133ಕ್ಕೋ 2400ಕ್ಕೋ ತೆವಳ್ತಾ ಇರ್ತದೆ. ಮತ್ತೊಂದು, 4060 ಬೋರ್ಡಿನ ಜೊತೆ ಎಂಟೇ ಲೇನಲ್ಲಿ ಮಾತಾಡುವ ಕಾರ್ಡು, ಬಿ450ಯಲ್ಲಿ ಆ ಲೇನುಗಳು ಹಳೇ ಸ್ಪೀಡಿನ ಪಿಸಿಐಇ 3.0 ಮಾತ್ರ, ಅದರಿಂದಲೂ ಸ್ವಲ್ಪ ಹೋಗ್ತದೆ, ವಿಡಿಯೋ ಮೆಮೊರಿ ತುಂಬುವ ಗೇಮಲ್ಲಿ ಹೆಚ್ಚು.

ಬಿಸಿಯ ವಿಷಯ ಒಂದು ಹೇಳಿ ಬಿಡ್ತೇನೆ. ಹೋದ ವರ್ಷ ಕುಂಬಳೆಯವರೊಬ್ಬರು ಹೀಗೆಯೇ ಡುಪ್ಲಿಕೇಟ್ ಕಾರ್ಡ್ ಅಂತ ಸಿಟ್ಟಲ್ಲಿ ತಂದು ಮೇಜಿಗೆ ಇಟ್ರು. ಬಿಚ್ಚಿ ನೋಡಿದ್ರೆ ಹೀಟ್‌ಸಿಂಕಿನ ಸಂದಿಯಲ್ಲೆಲ್ಲ ಅಡಿಕೆ ಸಿಪ್ಪೆಯ ನಾರು, ಬೆಕ್ಕಿನ ರೋಮದ ಹಾಗೆ ಮೆತ್ತಿಕೊಂಡಿತ್ತು, ಸಿಸ್ಟಮ್ ಇಟ್ಟದ್ದು ಅಡಿಕೆ ಸುಲಿಯುವ ಚಾವಡಿಯ ಪಕ್ಕದ ಕೋಣೆಯಲ್ಲಿ. ಬ್ರಶ್ಶು ಹಾಕಿ ತೆಗೆದದ್ದಷ್ಟೇ ನನ್ನ ಕೆಲಸ. ನಿಮ್ಮದು ಎರಡು ತಿಂಗಳದ್ದು, ಅಷ್ಟಾಗಿರ್ಲಿಕ್ಕಿಲ್ಲ, ಆದ್ರೆ ಎಸಿ ರೂಮಲ್ಲಿ ಮಾಡಿದ ಟೆಸ್ಟಿಗೂ ಎಪ್ರಿಲ್ ಮಧ್ಯಾಹ್ನ ಶೀಟಿನ ಮಾಡಿನ ಕೆಳಗೆ ಆಡುದಕ್ಕೂ ವ್ಯತ್ಯಾಸ ಇದ್ದೇ ಇರ್ತದೆ.

ಹಾಗಾಗಿ ಕಾರ್ಡು ವಾಪಸ್ ಬೇಡ. ಯಾರ ಹತ್ರವಾದ್ರೂ ಅದೇ ಸ್ಪೀಡಿನ ಇನ್ನೊಂದು ರ‍್ಯಾಮ್ ಒಂದು ದಿನದ ಮಟ್ಟಿಗೆ ಕೇಳಿ ತನ್ನಿ, ಒಂದು ಸ್ಲಾಟ್ ಬಿಟ್ಟು ಹಾಕಿ, ಎಕ್ಸ್‌ಎಂಪಿ ಆನ್ ಮಾಡಿ, ಅದೇ ಗೇಮು ಅದೇ ಜಾಗದಲ್ಲಿ ನಿಲ್ಲಿಸಿ ನಂಬರ್ ನೋಡಿ. ಏರಿದ್ರೆ ಒಂದು ಕಡ್ಡಿ ಖರೀದಿ ಮಾಡಿ, ಏರದಿದ್ರೆ ಜಿಪಿಯು-ಝಡ್‌ದ ಸ್ಕ್ರೀನ್‌ಶಾಟ್ ತೆಗೆದು ಕಳಿಸಿ, ನೋಡುವ. ಬಿಲ್ ಮಾತ್ರ ಬಿಸಾಡ್ಬೇಡಿ.