ಯೆಹೂದಿಗಳ ಒಬ್ಬನೇ ದೇವರಿಗೆ ಇಷ್ಟೊಂದು ಹೆಸರು ಯಾಕೆ?

"ಯೆಹೂದಿಗಳಿಗೆ ದೇವರು ಒಬ್ಬನೇ ಅಲ್ವಾ, ಮತ್ತೆ ಯೆಹೋವ, ಎಲೋಹಿಮ್, ಅದೋನಾಯ್ ಅಂತೆಲ್ಲ ಯಾಕೆ? ಅರ್ಥ ಏನು?" ಅಂತ ಕೇಳಿದ್ದೀರಿ. ನಾನು ಪಂಡಿತೆಯಲ್ಲ. ಇಸ್ರೇಲಿನಲ್ಲಿ ಆರು ವರ್ಷ ಒಬ್ಬ ಅಜ್ಜನನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೆ. ನನಗೆ ಗೊತ್ತಿರುವುದು ಜಾಸ್ತಿ ಅವರ ಊಟದ ಮೇಜಿನ ಪಾಠವೇ.

ಮೊದಲ ಪಾಠ ಗದರಿಕೆಯಿಂದ ಶುರುವಾಯಿತು. ಉಡುಪಿಯಲ್ಲಿ ಕನ್ನಡ ಬೈಬಲ್ ಓದಿ ಬೆಳೆದವಳು ನಾನು. ಅದರಲ್ಲಿ ಎಲ್ಲಿ ನೋಡಿದರೂ ಯೆಹೋವ. ಅದನ್ನೇ ಅಜ್ಜನ ಮುಂದೆ ಅಂದುಬಿಟ್ಟೆ. ಅವರು ಚಮಚ ಕೆಳಗಿಟ್ಟು, ಆ ಹೆಸರನ್ನು ಬಾಯಿಬಿಟ್ಟು ಹೇಳಬಾರದು ಅಂತ ಬೆರಳಾಡಿಸಿದರು.

ಹೀಬ್ರೂ ಭಾಷೆಯ ಮೂಲದಲ್ಲಿರುವುದು ನಾಲ್ಕೇ ಅಕ್ಷರ: ಯೋದ್, ಹೇ, ವಾವ್, ಹೇ. 'ಇರು' ಎಂಬ ಅರ್ಥದ ಧಾತುವಿಗೆ ಸೇರಿದ್ದು ಅನ್ನುತ್ತಾರೆ. ಸ್ವಂತ ಹೆಸರು ಅಂದರೆ ಅದೊಂದೇ, ಉಳಿದವು ಬಿರುದುಗಳ ಹಾಗೆ. ಯೆರೂಸಲೇಮಿನ ದೇವಾಲಯದಲ್ಲಿ ಯೋಮ್ ಕಿಪ್ಪೂರ್ ಎಂಬ ಪ್ರಾಯಶ್ಚಿತ್ತದ ದಿನ ಮಹಾಯಾಜಕ ಅದನ್ನು ಬಾಯಿಬಿಟ್ಟು ಹೇಳುತ್ತಿದ್ದನಂತೆ. ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯ ಕೆಡವಿದರು. ಉಚ್ಚಾರವೂ ಕಾಲಕ್ರಮೇಣ ಮರೆತುಹೋಯಿತು. ಈಗ ಆ ಅಕ್ಷರಗಳು ಬಂದಲ್ಲೆಲ್ಲ 'ಅದೋನಾಯ್', ಅಂದರೆ 'ನನ್ನ ಒಡೆಯ' ಅಂತ ಓದುತ್ತಾರೆ. ಪ್ರಾರ್ಥನೆಯ ಹೊರಗೆ ಅದೂ ಇಲ್ಲ, ಬರೀ 'ಹಶೆಮ್': 'ಆ ಹೆಸರು'. ಹೀಬ್ರೂವಿನಲ್ಲಿ ಮೊದಲು ಬರೆಯುತ್ತಿದ್ದುದು ವ್ಯಂಜನಗಳನ್ನೇ. ಸ್ವರದ ಚುಕ್ಕೆಗಳು ಆಮೇಲೆ ಬಂದವು. 'ಅದೋನಾಯ್ ಅಂತ ಓದು' ಎಂದು ನೆನಪಿಸಲು ಅದರ ಸ್ವರಗಳನ್ನು ಈ ನಾಲ್ಕಕ್ಷರಕ್ಕೆ ಹಾಕಿದರು. ಎರಡನ್ನೂ ಕೂಡಿಸಿ ಓದಿದ ಯುರೋಪಿನವರಿಂದ 'ಯೆಹೋವ' ಹುಟ್ಟಿತು.

ನನಗಿದು ವಿಚಿತ್ರ ಅನ್ನಿಸಲಿಲ್ಲ. ನಮ್ಮಜ್ಜಿ ತಮ್ಮ ಗಂಡನ ಹೆಸರು ಎತ್ತಿದವರಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೆ ನನ್ನನ್ನು ತಿವಿದು, "ನೀನು ಹೇಳೇ" ಅನ್ನುತ್ತಿದ್ದರು. ಇದನ್ನು ಹೇಳಿದ್ದಕ್ಕೆ ಅಜ್ಜ ಕೆಮ್ಮು ಬರುವಷ್ಟು ನಕ್ಕರು.

ಎಲೋಹಿಮ್ ಅಂದರೆ 'ದೇವರು'. ಇದರ ರೂಪ ಬಹುವಚನ. ಆದರೆ ಬೈಬಲ್ಲಿನ ಮೊದಲ ವಾಕ್ಯದಲ್ಲೇ 'ಬಾರಾ ಎಲೋಹಿಮ್' ಎಂದಿದೆ. ಬಾರಾ ಅಂದರೆ 'ಸೃಷ್ಟಿಸಿದ', ಏಕವಚನ. ಇದರ ಬಗ್ಗೆ ಬೇಕಾದಷ್ಟು ಚರ್ಚೆ ನಡೆದಿದೆ. ಕನ್ನಡದವರಿಗೆ ಅಷ್ಟು ಕಷ್ಟವಾಗಬಾರದು. ನಾವೂ 'ದೇವರು ಇದ್ದಾನೆ' ಅನ್ನುತ್ತೇವೆ, ಅಲ್ವಾ? ಕೊನೆಗೆ 'ರು', ಕ್ರಿಯಾಪದ ಏಕವಚನ. ನ್ಯಾಯ ತೀರಿಸುವಾಗ ಎಲೋಹಿಮ್, ಕರುಣೆ ತೋರುವಾಗ ನಾಲ್ಕಕ್ಷರದ ಹೆಸರು ಎಂಬುದು ಹಿಂದಿನ ರಬ್ಬಿಗಳ, ಅಂದರೆ ಯೆಹೂದಿ ಧರ್ಮಗುರುಗಳ ವಿವರಣೆ. ಇಷ್ಟೊಂದು ಹೆಸರು ಯಾಕೆ ಅನ್ನುವುದಕ್ಕೆ ಅವರ ಉತ್ತರವೂ ಇದೇ: ಮಾಡುವ ಕೆಲಸಕ್ಕೆ ತಕ್ಕ ಹೆಸರು.

'ಎಲ್' ಇದರ ಚಿಕ್ಕ ರೂಪದಂತಿದೆ. ದಾನಿಯೇಲ್, ಮಿಖಾಯೇಲ್ ಹೆಸರುಗಳ ಬಾಲದಲ್ಲಿರುವುದು ಅದೇ. 'ಹಲ್ಲೆಲೂಯಾ'ದ ಕೊನೆಯ 'ಯಾ' ಮಾತ್ರ ನಾಲ್ಕಕ್ಷರದ ಹೆಸರಿನ ತುಂಡು.

ಅಜ್ಜನ ಮನೆಯ ಬಾಗಿಲ ಚೌಕಟ್ಟಿನಲ್ಲಿ ಮೆಜುಜಾ ಇತ್ತು, ಅಂದರೆ ಧರ್ಮಗ್ರಂಥದ ಸಾಲುಗಳನ್ನು ಬರೆದ ಸುರುಳಿಯಿರುವ ಪುಟ್ಟ ಡಬ್ಬಿ. ಅದರ ಮೇಲೆ 'ಶಿನ್' ಎಂಬ ಹೀಬ್ರೂ ಅಕ್ಷರ ಇತ್ತು. ಅದು 'ಶದ್ದಾಯ್' ಹೆಸರಿನದು. ಸರ್ವಶಕ್ತ ಅಂತ ಅನುವಾದಿಸುತ್ತಾರೆ. ರಬ್ಬಿಗಳ ಚರ್ಚೆಗಳ ಹಳೆಯ ಗ್ರಂಥ ತಾಲ್ಮುದ್ ಕೊಡುವ ಅರ್ಥ ನನಗೆ ಜಾಸ್ತಿ ಇಷ್ಟ: ಹಬ್ಬುತ್ತಲೇ ಇದ್ದ ಲೋಕಕ್ಕೆ 'ಸಾಕು' ಅಂದವನು.

ಅಜ್ಜನ ತಂಗಿ ತೀರಿಕೊಂಡಾಗ ಬಂದವರೆಲ್ಲ "ಹಮಾಕೋಮ್ ನಿಮ್ಮನ್ನು ಸಂತೈಸಲಿ" ಎಂಬರ್ಥದ ಮಾತನ್ನು ಹೀಬ್ರೂವಿನಲ್ಲಿ ಹೇಳಿ ಹೋದರು. ಹಮಾಕೋಮ್ ಅಂದರೆ 'ಜಾಗ'. ಜಾಗ ಹೇಗೆ ದೇವರಾಗುತ್ತದೆ ಅಂತ ರಾತ್ರಿ ಕೇಳಿದೆ. "ಲೋಕ ಅವನಿಗೆ ಜಾಗವಲ್ಲ, ಅವನೇ ಲೋಕಕ್ಕೆ ಜಾಗ" ಎಂಬ ರಬ್ಬಿಗಳ ಮಾತನ್ನು ಹೇಳಿ, ತಂಗಿ ದಿನಾ ಕೂರುತ್ತಿದ್ದ ಕುರ್ಚಿಯ ಕಡೆ ನೋಡಿದರು.