ಡಬಲ್ ಡ್ಯೂಟಿಗೆ ಯಾರ ಸಹಿ?

ಕಲಬುರಗಿಯ ಖಾಸಗಿ ಆಸ್ಪತ್ರೆಯೊಂದರ ಸ್ಟಾಫ್ ನರ್ಸ್ ಬರೆದಿದ್ದಾರೆ. ಬೆಳಗಿನ ಡ್ಯೂಟಿ ಮುಗಿಯುವುದು ಮಧ್ಯಾಹ್ನ ಎರಡಕ್ಕೆ. ಬ್ಯಾಗು ಹೆಗಲಿಗೆ ಹಾಕುವ ಹೊತ್ತಿಗೆ ಸರಿಯಾಗಿ ಇಂಚಾರ್ಜ್ ಸಿಸ್ಟರ್ ಎದುರು ನಿಲ್ಲುತ್ತಾರೆ. ‘ಮಧ್ಯಾಹ್ನದಾಕಿ ಬಂದಿಲ್ಲ, ಇವತ್ತೊಂದಿನ ಹೊಂದಿಸ್ಕೋ ತಂಗಿ. ನೀ ಹೋದ್ರ ಪೇಶಂಟ್ ಗತಿ ಏನು?’ ಬ್ಯಾಗು ಮತ್ತೆ ಕೆಳಗೆ. ವಾರಕ್ಕೆ ಎರಡು ಮೂರು ಸಲ ಇದೇ ಕತೆ. ರಾತ್ರಿ ಮನೆಗೆ ಬಂದರೆ ಯಜಮಾನರ ಗೆಳೆಯನ ತಾಯಿ ಇಂಜೆಕ್ಷನ್ ಹಿಡಿದು ಕೂತಿರುತ್ತಾರೆ. ‘ಆಗಲ್ಲ ಅಂದರೆ ಪಾಪ ಮಾಡಿದ ಹಾಗೆ ಅನಿಸುತ್ತದೆ. ನೋವಾಗದಂತೆ ಹೇಗೆ ಹೇಳಲಿ?’ ಎನ್ನುವುದು ಇವರ ಪ್ರಶ್ನೆ.

ಸಿಸ್ಟರ್, ಹೇಗೆ ಹೇಳಬೇಕು ಅನ್ನೋದು ಆಮೇಲಿನ ಮಾತು. ಪತ್ರದ ನಡುವೆ ನೀವು ಸುಮ್ನೆ ಒಂದು ಸಾಲು ಬರೆದು ಮುಂದೆ ಹೋಗಿದ್ದೀರಿ: ‘ಆ ಶಿಫ್ಟಿನ ಚಾರ್ಟಿಗೆ ಬರದವಳ ಹೆಸರೇ ಹಾಕುತ್ತೇವೆ, ಇಲ್ಲದಿದ್ದರೆ ಪಾಪ ಅವಳ ಸಂಬಳ ಕಟ್ ಆಗುತ್ತದೆ.’

ಅಂದರೆ ಸಂಜೆ ನೀವು ಕೊಟ್ಟ ಇನ್ಸುಲಿನ್‌ಗೆ ಮನೆಯಲ್ಲಿ ಕೂತವಳ ಹೆಸರು! ರೋಗಿಗೆ ಶುಗರ್ ಇಳಿದು ಮೈ ಬೆವರಿದರೆ ಡಾಕ್ಟರ್ ಯಾರಿಗೆ ಫೋನ್ ಮಾಡಬೇಕು? ಇನ್ನೊಂದು ವಿಷಯ ನೋಡಿ. ಕಾಗದದ ಮೇಲೆ ನಿಮ್ಮ ವಾರ್ಡಿಗೆ ನರ್ಸುಗಳ ಕೊರತೆಯೇ ಇಲ್ಲ. ಹಾಗಿದ್ದ ಮೇಲೆ ಮ್ಯಾನೇಜ್‌ಮೆಂಟ್ ಹೊಸಬರನ್ನು ಯಾಕೆ ತಗೊಳ್ಳುತ್ತದೆ? ನಿಮಗೆ ಓವರ್‌ಟೈಮ್ ಯಾಕೆ ಕೊಡುತ್ತದೆ? ಬಾಯಿಮಾತಿನ ಲೆಕ್ಕ ನನಗೆ ಆಗಿಬರೋದಿಲ್ಲ ಅಂತ ಈ ಅಂಕಣದ ಓದುಗರಿಗೆ ಗೊತ್ತೇ ಇದೆ. ಇಲ್ಲಂತೂ ಬರೆದ ಲೆಕ್ಕವೇ ಸುಳ್ಳು.

ಬರದ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಖಾಸಗಿ ಆಸ್ಪತ್ರೆ ನರ್ಸುಗಳ ಸಂಬಳದ ಸ್ಥಿತಿ ನೋಡಿ ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದ ಮೇಲೆ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತ್ತು. 50 ಹಾಸಿಗೆಗಿಂತ ಸಣ್ಣ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್ ಸಂಬಳ 20,000 ರೂಪಾಯಿಗಿಂತ ಕಡಿಮೆ ಇರಬಾರದು, ಕೆಲಸದ ಹೊತ್ತು, ರಜೆ ಸರ್ಕಾರಿ ನರ್ಸುಗಳಂತೆಯೇ ಇರಬೇಕು ಎಂದಿತು ಅದು. ಶಿಫಾರಸು ಅಷ್ಟೇ. ನಿಮ್ಮಲ್ಲಿ ಎಷ್ಟು ಕೊಡುತ್ತಾರೆ ಅಂತ ನೀವೇ ಬರೆದಿದ್ದೀರಲ್ಲ, ನಾನು ಮತ್ತೆ ಹೇಳೋದು ಬೇಡ.

ಸಿಟ್ಟಿರುವುದು ನಿಮ್ಮ ಇಂಚಾರ್ಜ್ ಅಕ್ಕನ ಮೇಲೆ. ‘ತುಂಬಾ ಒಳ್ಳೆಯವರು’ ಅಂತೀರಿ. ಇರಬಹುದು. ಆದರೆ ರೋಸ್ಟರ್, ಅಂದರೆ ಯಾರಿಗೆ ಯಾವಾಗ ಡ್ಯೂಟಿ ಅನ್ನೋ ಪಟ್ಟಿ, ಅವರ ಜವಾಬ್ದಾರಿ. ಜನ ಸಾಲುತ್ತಿಲ್ಲ ಅಂತ ಮೇಲಿನವರಿಗೆ ಬರೆದುಕೊಡುವ ಧೈರ್ಯ ಇಲ್ಲ, ಅದಕ್ಕೇ ನೀವು ಅವರಿಗೆ ತಂಗಿ. ಹನ್ನೆರಡೂವರೆ ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿದ ನರ್ಸುಗಳಿಂದ ತಪ್ಪಾಗುವ ಸಾಧ್ಯತೆ ಮೂರು ಪಟ್ಟು ಎಂದು 2004ರಲ್ಲಿ ಅಮೆರಿಕದ ಒಂದು ಅಧ್ಯಯನ ಹೇಳಿತ್ತು. ಎಂಟಕ್ಕೆ ಬಂದ ನೀವು ರಾತ್ರಿ ಎಂಟೂವರೆಗೆ ಹೊರಡುವಾಗ ಆ ಗೆರೆ ಮುಟ್ಟಿರುತ್ತೀರಿ. ಪೇಶಂಟ್ ಗತಿ ಏನು ಅಂತ ಅಕ್ಕನನ್ನೇ ಕೇಳಬೇಕು.

ನೀವು ಮಾಡಬೇಕಾದ್ದು ಒಂದೇ. ನಿಮ್ಮ ಕೈಯಿಂದ ಆದ ಕೆಲಸಕ್ಕೆ ನಿಮ್ಮ ಹೆಸರು, ನಿಜವಾದ ಟೈಮು. ನಾಳೆಯಿಂದಲೇ. ಅಕ್ಕ ಮತ್ತೆ ಬಂದಾಗ ಹೇಳಿ: ‘ರಿಜಿಸ್ಟರ್‌ನಾಗ ನನ್ನ ಹೆಸರಲೇ ಡಬಲ್ ಡ್ಯೂಟಿ ಬರದು ಸಹಿ ಮಾಡ್ರಿ ಅಕ್ಕೋರೆ, ಇರ್ತೀನಿ. ಇಲ್ಲಂದ್ರ ಓವರ್ ತಗೋರಿ.’ ಓವರ್ ಕೊಡದೆ, ಅಂದರೆ ರೋಗಿಗಳ ಹೊಣೆಯನ್ನು ಇನ್ನೊಬ್ಬರಿಗೆ ಒಪ್ಪಿಸದೆ, ವಾರ್ಡ್ ಬಿಟ್ಟು ಹೋಗಬೇಡಿ, ಅದು ತಪ್ಪು. ಆದರೆ ಮಧ್ಯಾಹ್ನದವಳು ಬಾರದಿದ್ದರೆ ಓವರ್ ತಗೊಳ್ಳಬೇಕಾದವರು ಇಂಚಾರ್ಜೇ. ಬರೆದು ಸಹಿ ಮಾಡಬೇಕಾಗಿ ಬಂದರೆ ಎಷ್ಟು ದಿನ ನಿಮ್ಮನ್ನು ಕರೀತಾರೆ, ನೋಡಿ.

ಇನ್ನು ಮನೆಯ ಇಂಜೆಕ್ಷನ್. ರಿಯಾಕ್ಷನ್ ಆದರೆ ತಕ್ಷಣ ಕೊಡಬೇಕಾದ ಅಡ್ರಿನಲಿನ್ ಮದ್ದು ಮನೆಯಲ್ಲಿ ಇರಲ್ಲ, ಡಾಕ್ಟರೂ ಇರಲ್ಲ. ಬೇಡ. ಕಲ್ಯಾಣ ಕರ್ನಾಟಕದವರಿಗಿರುವ 371(ಜೆ) ಮೀಸಲಾತಿ ಕೋಟಾದಲ್ಲಿ ಸರ್ಕಾರಿ ಹುದ್ದೆಗೆ ಓದಬೇಕು, ಹೊತ್ತೇ ಸಿಗುತ್ತಿಲ್ಲ ಎಂದಿದ್ದೀರಿ. ಹೊತ್ತು ಅಲ್ಲೇ ಇದೆ. ಗೆಳೆಯನ ತಾಯಿಯನ್ನು ದವಾಖಾನೆಗೆ ಕರೆದುಕೊಂಡು ಹೋಗಲು ನಿಮ್ಮ ಯಜಮಾನರ ಬೈಕ್ ಇದೆಯಲ್ಲ.